ಹತ್ತಿರ ಹತ್ತಿರ ಬಂದ ಮೈದಾನ

ಮೊಮ್ಮಗ ಬೇಸ್‌ಮೆಂಟಿನ ಮೆಟ್ಟಿಲು ಇಳಿಯುವಾಗ ಗೋಡೆಗೆ ಅಂಗೈ ಒತ್ತಿಕೊಂಡು ಇಳಿಯುತ್ತಾನೆ ಅನ್ನುವುದು ನನ್ನ ಕಣ್ಣಿಗೆ ಬಿದ್ದದ್ದು ಮಾರ್ಚಿನಲ್ಲಿ, ಹಿತ್ತಿಲಿನ ಹಿಮ ಇನ್ನೂ ಪೂರ್ತಿ ಕರಗದೆ ಕೊಳಕಾಗಿ ಬಿದ್ದಿದ್ದಾಗ. ಆರಡಿ ಎತ್ತರದ, ಬಾಗಿಲು ತುಂಬುವ ಹುಡುಗ. ಆ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಇಳಿದು, ಅವನ ಅಜ್ಜಿಯಿಂದ ದಿನಾ ಬೈಸಿಕೊಳ್ಳುತ್ತಿದ್ದವನು. ಈಗ ಎಪ್ಪತ್ತು ದಾಟಿದ ನನ್ನ ಹಾಗೆ ನಿಧಾನವಾಗಿ, ಗೋಡೆ ಸವರಿಕೊಂಡು ಇಳಿಯುತ್ತಿದ್ದ. ನನ್ನ ಹೆಂಡತಿಗೆ ಅದು ಒಳ್ಳೆಯ ಸುದ್ದಿಯಾಗಿ ಕಂಡಿತು. "ಅಂತೂ ಬುದ್ಧಿ ಬಂತು ನೋಡ್ರಿ, ಈಗ ಸಾವಕಾಶ ಇಳೀತಾನ" ಅಂದಳು.

ನನಗೆ ಹಾಗೆ ಕಾಣಲಿಲ್ಲ. ಈ ಕೆನಡಾ ದೇಶಕ್ಕೆ ಬಂದು ಕಿವಿ, ಮೂಗು, ಗಂಟಲು ನೋಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು ನಾನು. ನಾವು ನೆಟ್ಟಗೆ ನಿಲ್ಲುವುದು ಕಾಲಿನ ಬಲದಿಂದ ಅಂತ ಜನ ತಿಳಿದಿರುತ್ತಾರೆ. ಕಾಲಿಗಿಂತ ಹೆಚ್ಚಿನ ಕೆಲಸ ಒಳಗಿವಿಯದು, ಅದರ ಹಿಂದಿರುವ ಮಿದುಳಿನದು. ಅಲ್ಲಿ ಕೆಟ್ಟರೆ ಪೈಲ್ವಾನನೂ ಗೋಡೆ ಹುಡುಕುತ್ತಾನೆ. ಗೋಡೆ ಹುಡುಕುವ ಕೈಗಳನ್ನು ನಾನು ನೂರಾರು ಸಲ ಕ್ಲಿನಿಕ್ಕಿನ ಬಾಗಿಲಲ್ಲಿ ನೋಡಿದ್ದೇನೆ.

ಮಗಳು, ಅಳಿಯ ಇರುವುದು ದೂರದ ಕ್ಯಾಲ್ಗರಿಯಲ್ಲಿ. ಮೊಮ್ಮಗ ಇಲ್ಲಿನ ಯೂನಿವರ್ಸಿಟಿಗೆ ಸೇರಿದ್ದರಿಂದ ದೇಶದ ಪೂರ್ವದ ಕಡೆ, ಸ್ಟ್ರೀಟ್ಸ್‌ವಿಲ್‌ನ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿದ್ದ. ಸೇರಿದ್ದು ಓದುವುದಕ್ಕೆ, ಆದರೆ ಅವನ ಜೀವವೆಲ್ಲ ಫುಟ್‌ಬಾಲಿನಲ್ಲಿ. ಹೆಸರಿಗೆ ಫುಟ್‌ಬಾಲ್, ಕಾಲಿಗೆ ಕೆಲಸ ಕಮ್ಮಿ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಓಡುವವನನ್ನು ಉಳಿದವರು ತಲೆಯಿಂದ, ಭುಜದಿಂದ ಗುದ್ದಿ ಕೆಡವುವ ಆಟ. ಹೀಗೆ ಕೆಡವುವುದರಲ್ಲಿ ಮೊಮ್ಮಗನದು ಎತ್ತಿದ ಕೈ ಅಂತೆ. ಆಟದ ಋತುವೆಲ್ಲ ಮುಗಿದ ಮೇಲೆ, ವಸಂತದಲ್ಲಿ, ದೇಶದ ಕಾಲೇಜುಗಳ ಒಳ್ಳೊಳ್ಳೆಯ ಆಟಗಾರರನ್ನು ಆರಿಸಿ, ಎರಡು ತಂಡ ಮಾಡಿ ಒಂದೇ ಒಂದು ಆಲ್‌ಸ್ಟಾರ್ ಮ್ಯಾಚ್ ಆಡಿಸುತ್ತಾರೆ. ಹಣ ಕೊಟ್ಟು ಆಡಿಸುವ ದೊಡ್ಡ ತಂಡಗಳ ಜನ ಅದನ್ನು ನೋಡಲು ಬಂದು ಕೂತಿರುತ್ತಾರೆ. ಅವರ ಕಣ್ಣಿಗೆ ಬಿದ್ದರೆ ಮುಂದೆ ದಾರಿ ಉಂಟು, ಬೀಳದಿದ್ದರೆ ಪುಸ್ತಕ ಹಿಡಿಯಬೇಕು. ಮೊಮ್ಮಗನ ಹೆಸರು ಆ ಪಂದ್ಯಕ್ಕೆ ಬಂದಿತ್ತು. ಮನೆಯಲ್ಲಿ ಪಾಯಸ ಆಗಿತ್ತು.

ಆ ಗೋಡೆಯ ವಿಷಯ ಕಂಡ ಮರುದಿನ, ಹೆಂಡತಿ ದಿನಸಿ ತರಲು ಹೋದಾಗ, ನಾನು ಬೇಸ್‌ಮೆಂಟಿಗೆ ಇಳಿದೆ. ಹಗಲು ಹನ್ನೊಂದು ಗಂಟೆ. ಅವನು ಕಿಟಕಿಗೆ ಟವೆಲ್ ಸಿಗಿಸಿ ಕತ್ತಲು ಮಾಡಿಕೊಂಡು ಮಲಗಿದ್ದ.

"ಏಳಪಾ. ಎರಡೂ ಪಾದ ಜೋಡಿಸಿ ನಿಲ್ಲು. ಕಣ್ಣು ಮುಚ್ಚು" ಅಂದೆ.

"ಅಜ್ಜಾ, ಕಮಾನ್, ಐ ಆಮ್ ಫೈನ್."

"ನಿಲ್ಲು ಅಂದೆ."

ನಿಂತ. ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಇಡೀ ಮೈ ಮೆಲ್ಲಗೆ ಎಡಕ್ಕೆ ವಾಲತೊಡಗಿತು. ತಾನು ವಾಲುತ್ತಿದ್ದೇನೆ ಅನ್ನುವುದು ಅವನಿಗೆ ತಿಳಿಯಲೇ ಇಲ್ಲ, ಮುಖದ ಮೇಲೆ ತಮಾಷೆಯ ನಗು ಹಾಗೇ ಇತ್ತು. ನಾನು ಎರಡೂ ಕೈಯಿಂದ ಅವನ ಭುಜ ಹಿಡಿದುಕೊಂಡೆ.

ಕೂರಿಸಿ ಕೇಳಿದಾಗ ಬಾಯಿ ಬಿಟ್ಟ. ನವೆಂಬರಿನ ಕೊನೆಯ ಮ್ಯಾಚಿನಲ್ಲಿ ಒಂದು ಪೆಟ್ಟು. ಒಂದು ಗಳಿಗೆ ಎಲ್ಲ ಬೆಳ್ಳಗಾಯಿತಂತೆ. ಎದ್ದು ನಿಂತ, ಆಟ ಮುಗಿಸಿದ, ಯಾರಿಗೂ ಹೇಳಲಿಲ್ಲ. ಆಮೇಲೆ ಪುಸ್ತಕದ ಸಾಲು ಜೋಡಿ ಜೋಡಿಯಾಗಿ ಕಾಣುತ್ತಿತ್ತು, ಬೆಳಕು ಕಂಡರೆ ವಾಕರಿಕೆ. ಈಗ ಎಷ್ಟೋ ಕಡಿಮೆ ಅಂದ. ಕಡಿಮೆ ಅನ್ನುವ ಮಾತನ್ನು ನಾನು ನಂಬಲಿಲ್ಲ. ಹಳೆಯ ಪೆಟ್ಟು ಮಾಯುವ ಮುಂಚೆ ಅದೇ ತಲೆಗೆ ಇನ್ನೊಂದು ಬಿದ್ದು ಬಂದವನೊಬ್ಬನನ್ನು ನಾನು ಆಸ್ಪತ್ರೆಯಲ್ಲಿ ನೋಡಿದ್ದೆ. ಹಾಕಿ ಆಡುತ್ತಿದ್ದ ಹುಡುಗ. ಹಾಸಿಗೆಯ ಪಕ್ಕ ಕೂತಿದ್ದ ತಾಯಿಯನ್ನು ಅವನು ಬಹಳ ಮರ್ಯಾದೆಯಿಂದ, ಮ್ಯಾಡಮ್ ಅಂತ ಕರೆಯುತ್ತಿದ್ದ. ಅದನ್ನು ಮೊಮ್ಮಗನಿಗೆ ಹೇಳಿದೆ.

ಕೊನೆಗೆ ಅವನೇ ದಾರಿ ಹೇಳಿದ. ಪಂದ್ಯ ಇರುವುದು ದೇಶದ ಪಶ್ಚಿಮದ ತುದಿಯಲ್ಲಿ, ಸಮುದ್ರದ ಹತ್ತಿರದ ಊರಲ್ಲಿ. ವಿಮಾನ ಹತ್ತುವ ಮುಂಚೆ ತೊಡೆಯ ಹಿಂಭಾಗದ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹಿಡಿದಿದೆ ಅಂತ ಕೋಚಿಗೆ ಹೇಳಿ ಉಳಿದುಬಿಡುತ್ತೇನೆ, ಯಾರಿಗೂ ಅನುಮಾನ ಬರುವುದಿಲ್ಲ ಅಂದ. ತಲೆ ಕೆಟ್ಟಿದೆ ಅಂತ ಒಮ್ಮೆ ಸುದ್ದಿಯಾದರೆ ದೊಡ್ಡ ತಂಡದವರು ಮತ್ತೆ ತಿರುಗಿ ನೋಡುವುದಿಲ್ಲ, ತೊಡೆಯಾದರೆ ಮುಂದಿನ ವರ್ಷ ಕೇಳಬಹುದು. "ಮಮ್ಮಿಗೆ, ಅಜ್ಜಿಗೆ ಹೇಳಬ್ಯಾಡ್ರಿ. ಪ್ಲೀಸ್." ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ ಕನ್ನಡದಲ್ಲಿ ಬೇಡಿಕೊಂಡಾಗ ನನ್ನ ಗಟ್ಟಿತನ ಕರಗಿತು. ಆಡುವುದಿಲ್ಲ ಅಂತಾದರೆ ಕಾರಣ ಯಾವುದಾದರೇನು? ಆಯಿತು ಅಂದೆ. ಆಡಕೂಡದು ಅನ್ನುವುದೊಂದೇ ನನಗೆ ಬೇಕಿದ್ದದ್ದು.

ಆದರೆ ಆ ಪಂದ್ಯಕ್ಕೆ ಸ್ವಂತ ಮನೆಯೇ ಇರಲಿಲ್ಲ. ಎರಡು ವರ್ಷ ಒಂದೂರು, ಮೂರು ವರ್ಷ ಇನ್ನೊಂದೂರು, ನಡುವೆ ನಿಂತೇಹೋಗಿ ಮತ್ತೆಲ್ಲೋ ಹುಟ್ಟುವುದು. ಕರೆಯುವವರು ಯಾರೋ ಅವರ ಅಂಗಳಕ್ಕೆ ಹೋಗುವ ಸಂಸಾರ ಅದರದ್ದು. ಏಪ್ರಿಲ್ ಮೊದಲಲ್ಲಿ ಸುದ್ದಿ ಬಂತು: ಪಶ್ಚಿಮದ ಆ ಮೈದಾನದಲ್ಲಿ ಹುಲ್ಲುಹಾಸು ಕಿತ್ತು ಹೊಸದು ಹಾಕುತ್ತಿದ್ದಾರೆ, ಪಂದ್ಯ ಈಗ ವಿನಿಪೆಗ್‌ನಲ್ಲಿ. ಹೆಂಡತಿ ಫ್ರಿಜ್ಜಿನ ಮೇಲಿದ್ದ ಕೆನಡಾದ ನಕಾಶೆಯಲ್ಲಿ ಬೆರಳಿಟ್ಟು, "ಸ್ವಲ್ಪ ಈ ಕಡೆ ಸರೀತು" ಅಂದಳು. ನಾನು ಮೊಮ್ಮಗನ ಮುಖ ನೋಡಿದೆ. ಅವನು ಏನೂ ಆಗದವನಂತೆ ಸೀರಿಯಲ್ ತಿನ್ನುತ್ತಿದ್ದ.

ಎರಡು ವಾರ ಹೋಯಿತು. ಅಲ್ಲಿಯೂ ಏನೋ ತೊಡಕು. ಪಂದ್ಯ ಒಟ್ಟಾವಾಕ್ಕೆ ಬಂತು. ಕಾರಿನಲ್ಲಿ ಹೋಗಬಹುದಾದ ದೂರ. ಹೆಂಡತಿಯ ಕಣ್ಣಲ್ಲಿ ಹೊಳಪು ಬಂತು, ಹೋಟೆಲ್ ನೋಡಿರಿ ಅಂತ ನನ್ನ ಬೆನ್ನು ಹತ್ತಿದಳು. ನಾನು ಪಂಚಾಂಗ ನೋಡುವವನಲ್ಲ, ಶಕುನದ ಮಾತಾಡಿದರೆ ನಗುವವನು. ಆದರೂ ರಾತ್ರಿ ಊಟಕ್ಕೆ ಕೂತಾಗ, ಆ ಮೈದಾನ ನಮ್ಮ ಮನೆ ಹುಡುಕಿಕೊಂಡು ಊರೂರು ದಾಟಿ ಬರುತ್ತಿದೆ ಅನ್ನಿಸುತ್ತಿತ್ತು.

ಮೇ ತಿಂಗಳ ಮೊದಲ ವಾರ ಅದು ಬಂದೇಬಿಟ್ಟಿತು. ಒಟ್ಟಾವಾದ ಮೈದಾನ ಬೇರೆ ಯಾವುದೋ ಕಾರ್ಯಕ್ರಮಕ್ಕೆ ಹೋಯಿತಂತೆ. ಕೊನೆಯ ಗಳಿಗೆಯಲ್ಲಿ ಇಲ್ಲೇ ಒಂದು ಕಾಲೇಜು ಜಾಗ ಕೊಟ್ಟಿತು. ಹೈವೇ ಪಕ್ಕ, ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. "ಮನಿ ಬಾಗಿಲಿಗೇ ಬಂತಲ್ರೀ! ನಮ್ಮ ಪುಣ್ಯ!" ಅಂದಳು. ಆಮೇಲೆ ಫೋನು ಕೈಗೆತ್ತಿಕೊಂಡಳು.

ನಮ್ಮವರ ವಿಷಯ ಗೊತ್ತಿರುವವರಿಗೆ ಮುಂದಿನದು ಹೇಳಬೇಕಾಗಿಯೇ ಇಲ್ಲ. ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ ಶನಿವಾರ ಬೆಳಗ್ಗೆ ವಾಕಿಂಗ್ ಮಾಡುವ ನಮ್ಮದೊಂದು ಗುಂಪಿದೆ, ಎಲ್ಲ ರಿಟೈರ್ಡ್ ಡಾಕ್ಟರು, ಎಂಜಿನಿಯರು, ಮೇಷ್ಟ್ರು. ಒಬ್ಬರ ಮನೆಯ ಮಗು ಪಿಯಾನೋ ಬಾರಿಸಿದರೂ ಉಳಿದ ಮನೆಯವರೆಲ್ಲ ಡಬ್ಬಿ ಕಟ್ಟಿಕೊಂಡು ಹೋಗಿ ಮೊದಲ ಸಾಲಿನಲ್ಲಿ ಕೂರುವುದು ಪದ್ಧತಿ. ಊರು ಬಿಟ್ಟು ಬಂದವರಿಗೆ ಬೇರೆ ನೆಂಟರೆಲ್ಲಿದ್ದಾರೆ? ಹಾಗೆ ಹೋಗದಿದ್ದರೆ ಮುನಿಸು, ಹೋದರೆ ಹೆಮ್ಮೆ. ಒಬ್ಬರು ಚಿತ್ರಾನ್ನ ಅಂದರು, ಇನ್ನೊಬ್ಬರು ಚಪಾತಿ, ಶೇಂಗಾ ಚಟ್ನಿ ಅಂದರು. ಯಾರೋ ಇಲ್ಲಿ ಓದಲು ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೂ ಸುದ್ದಿ ಮುಟ್ಟಿಸಿದರು. ಅವರು ಶಿಫ್ಟು ಬದಲಿಸಿಕೊಂಡು, ಹಳದಿ ಕೆಂಪು ಬಾವುಟ ತರುವುದಾಗಿ ಹೇಳಿದರು.

"ಅಷ್ಟು ಮಂದೀನ್ನ ಯಾಕ ಕರದಿ? ಮಳಿ ಬರಬಹುದು, ಚಳಿ ಇರ್ತದ" ಅಂದೆ.

"ನಿಮಗೇನಾಗೇದ? ಮೊಮ್ಮಗ ಆಡೂದು ನೋಡಾಕ ನಿಮಗ ಮನಸಿಲ್ಲೇನು?" ಅಂದಳು. ನನಗೆ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಬೇಸ್‌ಮೆಂಟಿಗೆ ಇಳಿದೆ. ಮೊಮ್ಮಗ ಹಾಸಿಗೆಯ ಅಂಚಿನಲ್ಲಿ ಕೂತು ಫೋನಿನಲ್ಲಿ ಬಂದ ಸಂದೇಶಗಳನ್ನು ನೋಡುತ್ತಿದ್ದ. ಆಲ್ ದಿ ಬೆಸ್ಟ್ ಪುಟ್ಟಾ, ನಮ್ಮ ಹುಲಿ, ನಾವೆಲ್ಲ ಬರುತ್ತಿದ್ದೇವೆ. ಸಾಲು ಸಾಲು.

"ಎವ್ರಿಬಡಿ ಈಸ್ ಕಮಿಂಗ್, ಅಜ್ಜಾ. ಆ ಯೂನಿಯನ್‌ವಿಲ್ ಅಂಕಲ್, ಮೊಣಕಾಲು ಆಪರೇಶನ್ ಆಗಿರೋರು, ಹೀ ಈಸ್ ಕಮಿಂಗ್ ಇನ್ ಎ ವೀಲ್‌ಚೇರ್. ಈಗ ಹ್ಯಾಮ್‌ಸ್ಟ್ರಿಂಗ್ ಅಂತ ಹೆಂಗ ಹೇಳ್ಲಿ? ಒಂದೇ ಮ್ಯಾಚ್. ಐ ವಿಲ್ ಬಿ ಕೇರ್‌ಫುಲ್."

"ತಲಿ ಕೊಟ್ಟು ಗುದ್ದೂ ಆಟದಾಗ ಕೇರ್‌ಫುಲ್ ಅಂದ್ರ ಏನಪಾ?"

ಪಂದ್ಯ ದೂರದೂರಲ್ಲಿ ಆಗಿದ್ದರೆ ಹುಡುಗ ಸುಮ್ಮನೆ ಹಿಂದೆ ಸರಿಯುತ್ತಿದ್ದ. ಪ್ರೀತಿಯಿಂದ ಚಿತ್ರಾನ್ನ ಕಟ್ಟಿಕೊಂಡು ಬರುವ ಮಂದಿಯೇ ಅವನನ್ನು ಮೈದಾನಕ್ಕೆ ನೂಕುತ್ತಿದ್ದರು. ಅವರ್ಯಾರಿಗೂ ಅದು ಗೊತ್ತಿರಲಿಲ್ಲ. ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಅಂದೆ. "ಯು ವೋಂಟ್, ಅಜ್ಜಾ" ಅಂದ, ಬಹಳ ಪ್ರೀತಿಯಿಂದ.

ಪಂದ್ಯದ ಬೆಳಗ್ಗೆ ಹೆಂಡತಿ ಅವನನ್ನು ಹಿತ್ತಿಲಿನ ಡೆಕ್ಕಿನ ಮೇಲೆ ಕುರ್ಚಿ ಹಾಕಿ ಕೂರಿಸಿ ದೃಷ್ಟಿ ತೆಗೆದಳು. ಮನೆಯೊಳಗೆ ಮೆಣಸಿನಕಾಯಿ ಸುಟ್ಟರೆ ಹೊಗೆ ಅಲಾರಾಂ ಕೂಗಿಕೊಳ್ಳುತ್ತದೆ, ಹಾಗಾಗಿ ನಮ್ಮಲ್ಲಿ ದೃಷ್ಟಿ ತೆಗೆಯುವುದು ಬಾರ್ಬೆಕ್ಯೂ ಒಲೆಯಲ್ಲಿ. ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಬೆಂಕಿಗೆ ಎಸೆದಳು. ಚಟಪಟ ಅಂದಿತು. ಘಾಟು ಮಾತ್ರ ಬರಲಿಲ್ಲ. ಒಬ್ಬರೂ ಕೆಮ್ಮಲಿಲ್ಲ.

"ನೋಡ್ರಿ, ಎಷ್ಟು ದೃಷ್ಟಿ ಆಗಿತ್ತು! ಎಲ್ಲಾ ಹೋತು" ಅಂತ ಅವಳು ಸಮಾಧಾನದಿಂದ ನಕ್ಕಳು. ಮೊಮ್ಮಗ ಎದ್ದು ನಿಂತ. ನಿಂತವನು ಕುರ್ಚಿಯ ಬೆನ್ನನ್ನು ಬಿಡಲು ಸ್ವಲ್ಪ ತಡ ಮಾಡಿದ.

ಮಧ್ಯಾಹ್ನ ಮೈದಾನದಲ್ಲಿ ಸರೋವರದ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ನಮ್ಮವರು ಒಂದು ಮೂಲೆಯನ್ನೇ ಹಿಡಿದುಬಿಟ್ಟಿದ್ದರು. ಶಾಲು, ಮಂಕಿ ಟೋಪಿ, ಥರ್ಮಾಸಿನಲ್ಲಿ ಕಾಫಿ, ಬಾವುಟ, ವೀಲ್‌ಚೇರಿನಲ್ಲಿ ಯೂನಿಯನ್‌ವಿಲ್‌ನ ಮಿತ್ರರು. ಕೆಳಗೆ ಹೆಲ್ಮೆಟ್ಟುಗಳು ಒಂದಕ್ಕೊಂದು ಬಡಿಯುವ ಸದ್ದು. ಅಭ್ಯಾಸ ಅಷ್ಟೇ, ಇನ್ನೂ ಆಟ ಶುರುವಾಗಿರಲಿಲ್ಲ. ಒಂದೊಂದು ಸದ್ದಿಗೂ ನಾನು ಹಲ್ಲು ಕಚ್ಚುತ್ತಿದ್ದೆ. ಅದು ಕಾಯಿ ಒಡೆಯುವ ಸದ್ದು. ನಮ್ಮವರು ಪ್ರತಿ ಸಲವೂ ಚಪ್ಪಾಳೆ ತಟ್ಟುತ್ತಿದ್ದರು.

ಟಾಯ್ಲೆಟ್ಟಿಗೆ ಹೋಗಿ ಬರುತ್ತೇನೆ ಅಂತ ಎದ್ದೆ. ಸೀದಾ ವೈದ್ಯರ ಡೇರೆಗೆ ನಡೆದೆ.

ಅಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ನಾನು ಮೊಮ್ಮಗನ ಅಂಗಿಯ ನಂಬರು ಹೇಳಿ, ನವೆಂಬರಿನ ಪೆಟ್ಟು ಹೇಳಿ, ಎಡಕ್ಕೆ ವಾಲಿದ್ದು ಹೇಳಿದೆ. ನನ್ನ ದನಿ ಕ್ಲಿನಿಕ್ಕಿನ ದನಿಯಾಗಿಯೇ ಇತ್ತು. ಆಕೆ ಬರೆದುಕೊಳ್ಳದೆ, ಅಡ್ಡ ಬಾಯಿ ಹಾಕದೆ ಕೇಳಿದರು. ನೀವು ಅವನಿಗೆ ಏನಾಗಬೇಕು ಅಂದರು.

"ಡಾಕ್ಟರ್" ಅಂದೆ. ಆಮೇಲೆ, "ಅಜ್ಜ" ಅಂದೆ.

ಅವನನ್ನು ಕರೆಸಿದರು. ಡೇರೆಯೊಳಗೆ ಬಂದವನು ನನ್ನನ್ನು ಕಂಡು ನಿಂತ. ಅವನ ಮುಖದಲ್ಲಿ ಸಿಟ್ಟು ಬರುತ್ತದೆ ಅಂತ ಕಾದೆ. ಸಿಟ್ಟು ಬರಲಿಲ್ಲ, ಆಶ್ಚರ್ಯ ಬಂತು. ನಾಯಿ ಕಚ್ಚುವುದಿಲ್ಲ ಅಂತ ನಂಬಿ ಕೈ ಚಾಚಿದ ಮಗುವಿನ ಮುಖ. ನಾನು ಹೊರಗೆ ಬಂದೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಬಂದರು, ಕೈಯಲ್ಲಿ ಅವನ ಹೆಲ್ಮೆಟ್. ಆಟದಿಂದ ತೆಗೆದವನ ಹೆಲ್ಮೆಟ್ಟನ್ನು ವೈದ್ಯರು ತಮ್ಮ ಹತ್ತಿರವೇ ಇಟ್ಟುಕೊಳ್ಳುವುದು ಇಲ್ಲಿಯ ರೂಢಿ. ಕೈಗೆ ಸಿಕ್ಕರೆ ಹುಡುಗರು ಕದ್ದು ಹಾಕಿಕೊಂಡು ಮತ್ತೆ ಒಳಗೆ ಓಡುತ್ತಾರೆ.

ಪಂದ್ಯದುದ್ದಕ್ಕೂ ಅವನು ಗೆರೆಯ ಹೊರಗೆ ಬರಿ ತಲೆಯಲ್ಲಿ ನಿಂತಿದ್ದ. ನಮ್ಮವರು ಮೊದಲು ಅವನ ಹೆಸರು ಕೂಗಿದರು, ಆಮೇಲೆ ಯಾವಾಗ ಇಳಿಸುತ್ತಾರೆ ಅಂತ ಕೇಳಿದರು, ಆಮೇಲೆ ನಮಗೆ ಬೇಸರವಾಗದಿರಲಿ ಅಂತ ಕೇಳುವುದನ್ನೇ ಬಿಟ್ಟರು. ಡಬ್ಬಿಗಳು ತೆರೆಯಲೇ ಇಲ್ಲ. ಹೆಂಡತಿಗೆ ಅಲ್ಲಿಯೇ, ಗಾಳಿಯಲ್ಲಿ, ಎಲ್ಲ ಹೇಳಿದೆ.

"ನನಗ ಮೊದಲ ಹೇಳಿದ್ರ ಇವರನ್ನೆಲ್ಲಾ ಕರೀತಿದ್ದಿಲ್ಲ" ಅಂದಳು. ಯಾರು ಗೆದ್ದರು ಅನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಜಗಳ ಆಡಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕರೆದರೆ ಬರುತ್ತಿದ್ದ, ತಟ್ಟೆ ತೊಳೆದಿಡುತ್ತಿದ್ದ, ಥ್ಯಾಂಕ್ಸ್ ಅನ್ನುತ್ತಿದ್ದ. ಸ್ಪೆಷಲಿಸ್ಟರು ವರ್ಷವಿಡೀ ಆಡಬಾರದು, ಆಮೇಲೆ ನೋಡೋಣ ಅಂದರು. ದೊಡ್ಡ ತಂಡಗಳಿಂದ ಫೋನು ಬರಲಿಲ್ಲ. ಜುಲೈ ಹೊತ್ತಿಗೆ ಅವನು ಎರಡೂ ಕೈಯಲ್ಲಿ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲು ಇಳಿಯತೊಡಗಿದ. ಗುಣವಾಗಿದೆ ಅಂತ ಹೆಂಡತಿ ಹಿಗ್ಗಿದಳು. ನಾನು ಅಡುಗೆಮನೆಯಲ್ಲಿದ್ದಾಗ ಮಾತ್ರ ಅವನು ಬುಟ್ಟಿ ಹಿಡಿದು ಇಳಿಯುತ್ತಾನೆ ಅಂತ ನನಗೆ ಅನುಮಾನ. ನಾನು ಎಲ್ಲಿ ನೋಡುತ್ತೇನೆ, ಏನು ನೋಡುತ್ತೇನೆ ಅನ್ನುವುದನ್ನು ಅವನು ಕಲಿತುಬಿಟ್ಟಿದ್ದ. ಗುಣವಾಗಿತ್ತೋ, ಮುಚ್ಚಿಡುವುದು ಗೊತ್ತಾಗಿತ್ತೋ, ನಾನು ಹೇಳಲಾರೆ. ಮತ್ತೊಮ್ಮೆ ಕಣ್ಣು ಮುಚ್ಚಿ ನಿಲ್ಲು ಅನ್ನುವ ಅಧಿಕಾರ ನನಗೆ ಉಳಿದಿರಲಿಲ್ಲ.

ಆಗಸ್ಟಿನ ಕೊನೆಗೆ ಒಂದು ಬೆಳಗ್ಗೆ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಮೇಲೆ ಬಂದ. ಅಜ್ಜಿಯ ಕಾಲು ಮುಟ್ಟಿದ. ನನ್ನದನ್ನೂ ಮುಟ್ಟಿದ. "ಬರ್ತೀನಿ" ಅಂದ, ಅಜ್ಜಿ ಕಲಿಸಿದ ಹಾಗೆ. ಹೊಸ್ತಿಲು ದಾಟುತ್ತಿರುವವರನ್ನು ಎಲ್ಲಿಗೆ ಅಂತ ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಅನ್ನುವುದು ನಮ್ಮ ಮನೆತನದಲ್ಲಿ ಹಾಲಿನ ಜೊತೆ ಕುಡಿಸಿದ ಮಾತು. ನಾನು ಬಾಯಿ ತೆರೆದೆ. ಹೆಂಡತಿ ನನ್ನ ತೋಳು ಚಿವುಟಿದಳು. ಗೆಳೆಯನ ಕಾರು ಕಾದಿತ್ತು. ಕಾರು ತಿರುವು ದಾಟಿದ ಮೇಲೆ ಅವಳು ಬಾಗಿಲು ಹಾಕಿ, "ಕ್ಲಾಸು ಶುರು ಆಗೂಕಿಂತ ಮೊದಲ ದೋಸ್ತರ ಜೋಡಿ ತಿರುಗಾಡಿ ಬರ್ತಾನ" ಅಂದಳು.

ಮೂರನೆಯ ದಿನ ಮಗಳು ಕ್ಯಾಲ್ಗರಿಯಿಂದ ಫೋನು ಮಾಡಿ ಅತ್ತಳು. ಅವನು ಯೂನಿವರ್ಸಿಟಿ ಬಿಟ್ಟಿದ್ದಾನೆ. ಎಲ್ಲೋ ಒಂದು ಸಣ್ಣ ಲೀಗಿನ ತಂಡ ಸೇರಿದ್ದಾನೆ, ಹಳೆಯ ಪೆಟ್ಟಿನ ಕತೆ ಕೇಳದೆ ಸೇರಿಸಿಕೊಳ್ಳುವಂಥ ತಂಡ. ಊರು ಯಾವುದು ಅಂತ ಅವಳಿಗೂ ಹೇಳಿಲ್ಲ. ಹೇಳಿದರೆ ಅಜ್ಜ ಬರುತ್ತಾರೆ ಅಂದನಂತೆ.

ಅವನ ಕೋಚನ್ನು ಕೇಳಿದೆ, ಗೆಳೆಯರನ್ನು ಕೇಳಿದೆ. ಗೊತ್ತಿದ್ದವರು ಹೇಳಲಿಲ್ಲ, ಹೇಳುವ ಮನಸ್ಸಿದ್ದವರಿಗೆ ಗೊತ್ತಿರಲಿಲ್ಲ. ನನ್ನ ಫೋನು ಅವನು ಎತ್ತುವುದಿಲ್ಲ. ಇವತ್ತು ಬೆಳಗ್ಗೆ ಮಾತ್ರ ಅವನ ಅಜ್ಜಿಗೆ ಒಂದು ಸಂದೇಶ ಬಂತು. ಎರಡು ಗಂಟೆಗೆ ಮೊದಲ ಮ್ಯಾಚು, ದೇವರಿಗೆ ದೀಪ ಹಚ್ಚಿ ಅಂತ. ತಿರುಗಿ ಮಾಡಿದರೆ ಫೋನು ಬಂದ್ ಆಗಿತ್ತು.

ಅವಳು ದೀಪ ಹಚ್ಚಲಿಲ್ಲ. ಮಧ್ಯಾಹ್ನ ಊಟ ಬಡಿಸಿ, ತಾನು ಕೂರದೆ, ಗಡಿಯಾರದ ಕೆಳಗೆ ನಿಂತಳು. ಎರಡು ಹೊಡೆಯಿತು.

"ಎಲ್ಲಿದಾನ್ರೀ ಅಂವಾ?" ಅಂದಳು. ಮತ್ತೆ ಕೇಳಿದಳು, "ಎಲ್ಲಿದಾನ?"

ನಾನು ಅನ್ನ ಕಲಸುತ್ತಲೇ ಇದ್ದೆ.